ಎಣ್ಣಿ ಬೇಕೇನ್ರಿ

ಆ ಟ್ರ್ಯಾಕ್ಟರಿನವನು ಎಣ್ಣಿ ಎಂದನೋ, ಪೆಟ್ರೋಲ್ ಎಂದನೋ? ಪೆಟ್ರೋಲ್ ಎಂದಿದ್ದರೆ ತಪ್ಪು ಅವನದು. ಅಥವಾ ಏನೂ ಅನ್ನದೆ ಕೈಯಲ್ಲಿದ್ದ ಕ್ಯಾನು ಎತ್ತಿ ತೋರಿಸಿದ್ದನೋ? ಹಾಗಿದ್ದರೆ ತಪ್ಪು ಇಬ್ಬರದೂ. ಇಲ್ಲ, ಅಂದಿದ್ದ. "ಎಣ್ಣಿ ಬೇಕೇನ್ರಿ?" ಎಂದೇ ಅಂದಿದ್ದ.

ರಾಯಚೂರಿನ ಗ್ಯಾರೇಜಿನಲ್ಲಿ ಹಳೆಯ ಟೈರೊಂದರ ಮೇಲೆ ಕೂತು ಕೊಟ್ರೇಶ ಇದನ್ನೇ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಅವರ ಗಾಡಿಯನ್ನು ದೇವದುರ್ಗದ ದಾರಿಯಿಂದ ಲಾರಿಯ ಮೇಲೆ ಹೇರಿಕೊಂಡು ತಂದು ಆಗಷ್ಟೇ ಇಳಿಸಿದ್ದರು. ಮಿಸ್ತ್ರಿ ಟಾಕಿಯಿಂದ ಪೈಪಿನಲ್ಲಿ ಸ್ವಲ್ಪ ಹೊರಗೆಳೆದು, ಬೆರಳಿಗೆ ಹಚ್ಚಿಕೊಂಡು ಮೂಸಿದ. ಆಮೇಲೆ ಡ್ರೈವರ್ ಸಂಜೀವನ ಕಡೆ ತಿರುಗಿದ.

"ಇದು ಪೆಟ್ರೋಲ್ ಗಾಡಿ ಅಲ್ಲೇನೋ? ಇದರಾಗ ಡೀಸೆಲ್ ಅದಲ್ಲೋ ಮಾರಾಯ!"

ಸಂಜೀವ ಕೊಟ್ರೇಶನ ಕಡೆ ನೋಡಿದ. ಮಿಸ್ತ್ರಿ ಆಗಲೇ ಮೊಬೈಲ್ ತೆಗೆದು ಕೊಟ್ರೇಶನ ಅಪ್ಪ ವಿರೂಪಣ್ಣನವರಿಗೆ ಫೋನ್ ಹಚ್ಚಿದ್ದ.

ಗಾಡಿ ಮನೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ವಿರೂಪಣ್ಣನವರ ಅಕ್ಕಿ ಗಿರಣಿ ಇದ್ದದ್ದು ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ. ಮನೆಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ. ಅಷ್ಟಕ್ಕೆ ಅವರು ಗುಡ್ಡ ಹತ್ತುವ, ಹೊಳೆ ದಾಟುವ ಗಾಡಿ ತಂದಿದ್ದರು. ಒಳಗೆ ಚರ್ಮದ ಸೀಟು, ಪಾದ ಹುದುಗುವಷ್ಟು ದಪ್ಪನೆಯ ಹಾಸು. ಬಾನೆಟ್ಟಿನ ಕೆಳಗೆ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನು. ಡೀಸೆಲ್ ಗಾಡಿ ತಗೊಳ್ಳಿ ಎಂದವರಿಗೆ ವಿರೂಪಣ್ಣ, "ಜನ್ಮಪೂರ್ತಿ ಆ ಗಡಗಡ ಕೇಳಿ ಕಿವಿ ಹೋಗ್ಯಾವ. ಇನ್ನಾದ್ರೂ ಶಾಂತ ಕುಂದ್ರತೀನಿ ಬಿಡ್ರಪಾ" ಎಂದಿದ್ದರು. ಅದು ಎಷ್ಟು ಶಾಂತವಾಗಿತ್ತೆಂದರೆ, ಇಂಜಿನ್ ಶುರುವಾದದ್ದು ಕೇಳಿಸದೆ ಅವರು ಗುಂಡಿಯನ್ನು ಇನ್ನೊಮ್ಮೆ ಒತ್ತಿ ಬಂದ್ ಮಾಡಿಬಿಡುತ್ತಿದ್ದರು. "ಚಾಲೂ ಅದರೀ ಸಾವ್ಕಾರ್ರ, ಅದನ್ನ ಮುಟ್ಟಬ್ಯಾಡ್ರಿ" ಎಂದು ಸಂಜೀವ ನಗು ತಡೆದುಕೊಂಡು ಹೇಳುತ್ತಿದ್ದ.

ಗಾಡಿ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಗಿರಣಿಯ ಜನರೇಟರು, ಲಾರಿ, ಟ್ರ್ಯಾಕ್ಟರು ಎಲ್ಲಕ್ಕೂ ಹಾಕುವುದು ಎಣ್ಣಿ. ಈ ಗಾಡಿಗೂ ಎಣ್ಣಿಯೇ. "ಎಣ್ಣಿ ಹಾಕ್ಸ್ಕೊಂಡು ಬಾರಲೇ" ಎಂದು ವಿರೂಪಣ್ಣ ಹೇಳಿದರೆ ಸಂಜೀವ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬರುತ್ತಿದ್ದ. ಆ ಮನೆಯಲ್ಲಿ ಆ ಮಾತಿಗೆ ಯಾರೂ ಎಡವಿರಲಿಲ್ಲ.

ಸಂಜೀವ ಹಿರೇಕೊಟ್ನೆಕಲ್ಲಿನವನು. ಅವನ ಅಪ್ಪ ಸೂಗಪ್ಪ ಇದೇ ಗಿರಣಿಯಲ್ಲಿ ಚೀಲ ಹೊತ್ತು ಬೆನ್ನು ಬಗ್ಗಿಸಿಕೊಂಡವನು. ಮಗ ಚೀಲದ ಕೆಳಗೆ ಹೋಗದೆ ಸ್ಟೇರಿಂಗಿನ ಹಿಂದೆ ಕೂತದ್ದು ಸೂಗಪ್ಪನ ಮನೆಗೆ ಹಬ್ಬದಂಥ ಸಂಗತಿಯಾಗಿತ್ತು. ಕೊಟ್ರೇಶ ಗುಲಬರ್ಗಾದಲ್ಲಿ ಎಂ.ಎ. ಮುಗಿಸಿ ಬಂದು ಗಿರಣಿಯ ಆಫೀಸಿನಲ್ಲಿ ಪುಸ್ತಕ ಹಿಡಿದು ಓದದೆ ಕೂರುತ್ತಿದ್ದ. ದಿನವಿಡೀ ಅವನೊಂದಿಗೆ ಮಾತಾಡುವ ಮನುಷ್ಯ ಸಂಜೀವ ಒಬ್ಬನೇ. ಹೆಚ್ಚಾಗಿ ಸಂಜೀವ ಮಾತಾಡುತ್ತಿದ್ದ, ಕೊಟ್ರೇಶ ಕೇಳುತ್ತಿದ್ದ.

ಆ ದಿನ ಸುನಂದಾ ಚಿಕ್ಕಮ್ಮನನ್ನು ದೇವದುರ್ಗದಲ್ಲಿ ಬಿಟ್ಟು ನೇರ ವಾಪಸು ಬರಬೇಕಿತ್ತು. ಚಿಕ್ಕಮ್ಮನನ್ನು ಬಿಟ್ಟು ದೇವದುರ್ಗದ ಹೊರಗೆ ಬಂದ ಮೇಲೆ ಸಂಜೀವ ಗಾಡಿ ನಿಧಾನ ಮಾಡಿದ.

"ಕೊಟ್ರೇಶಣ್ಣ, ಒಂದು ಮಾತು ಕೇಳ್ಲೇನ್ರಿ? ಒಂದೇ ಒಂದು ಸಲ ಇದನ್ನ ಹಳ್ಳದಾಗ ಇಳ್ಸಿ ನೋಡಾಣ. ಪಾಪ, ಹುಲಿ ತಂದು ಕೊಟ್ಟಿಗ್ಯಾಗ ಕಟ್ಟಿದಂಗ ಆಗ್ಯದ."

"ಅಪ್ಪಗ ಗೊತ್ತಾದ್ರ?"

"ನೀವು ಹೇಳಂಗಿಲ್ಲ, ನಾ ಹೇಳಂಗಿಲ್ಲ. ಹುಲಿ ಏನು ಹೇಳ್ತದ?"

ಅರಕೇರಾದ ಹತ್ತಿರ ನೀರಿಲ್ಲದ ಹಳ್ಳವಿತ್ತು. ಮರಳಿನಲ್ಲಿ ಗಾಡಿ ಮೊದಲು ಮುಗ್ಗರಿಸಿ, ಆಮೇಲೆ ಹಿಡಿತ ಸಿಕ್ಕಿ, ಎದೆಯೊಳಗಿಂದ ಬಂದಂಥ ಒಂದು ಸದ್ದು ಮಾಡಿ ದಡ ಹತ್ತಿತು. ಆ ಇಂಜಿನ್ನಿಗೆ ಅಂಥ ದನಿ ಇದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮತ್ತೆ ಇಳಿಸಿದರು, ಮತ್ತೆ ಹತ್ತಿಸಿದರು. ಕೊಟ್ರೇಶ ಹುಡುಗನಂತೆ ಕೂಗಿದ. ತಾನು ಕೂಗಿದ್ದು ತನಗೇ ಕೇಳಿಸಿ ಬೆರಗಾದ. ಸೂರ್ಯ ನೆತ್ತಿಯಿಂದ ಜಾರುವ ಹೊತ್ತಿಗೆ ಪೆಟ್ರೋಲಿನ ಕೆಂಪು ದೀಪ ಹತ್ತಿಕೊಂಡಿತು.

"ತಿರುಗಿ ದೇವದುರ್ಗ ಮುಟ್ಟತದ, ಅಲ್ಲಿ ಹಾಕ್ಸಾಣ" ಎಂದು ಸಂಜೀವ ಗಾಡಿಯನ್ನು ಬೇವಿನ ಮರದ ನೆರಳಿಗೆ ತಂದ. "ಇಲ್ಲೇ ನಮ್ಮತ್ತಿ ಬಸ್ಸಮ್ಮನ ಮನಿ ಅದ. ಬರ್ರಿ ಅಣ್ಣ, ಆಕಿ ಪುಂಡಿಪಲ್ಯ ತಿಂದ್ರ ತಾಟು ನೆಕ್ಕತೀರಿ."

ಅವನು ಕೈ ತೋರಿಸಿದ್ದು ಊರಿನಿಂದ ಬೇರೆಯಾಗಿ ನಿಂತ ಓಣಿಯ ಕಡೆಗೆ. ಕೊಟ್ರೇಶನಿಗೆ ಹೊಟ್ಟೆ ಹಸಿದಿತ್ತು.

"ಹಸಿವಿಲ್ಲ. ನೀ ಉಂಡು ಬಾ."

ಸಂಜೀವ ಅವನ ಮುಖವನ್ನು ಒಂದು ಗಳಿಗೆ ನೋಡಿ, "ಆತು ಬಿಡ್ರಿ" ಎಂದ. ಎರಡನೆಯ ಸಲ ಕರೆಯಲಿಲ್ಲ.

ಅವನು ಹೋದ ಮೇಲೆ ಟ್ರ್ಯಾಕ್ಟರೊಂದು ಬಂದು ನಿಂತಿತು. ಗಡಿಗೆಪ್ಪ ಎಂದು ಹೆಸರು ಹೇಳಿಕೊಂಡ ಮನುಷ್ಯ ಕೆಳಗಿಳಿದು ಗಾಡಿಯ ಸುತ್ತ ಒಂದು ಸುತ್ತು ಬಂದ.

"ಏನ್ರಿ ಸಾಹೇಬ್ರ, ಆನಿ ನಡುದಾರ್‍ಯಾಗ ನಿಂತದ?"

"ಎಣ್ಣಿ ಮುಗಿಯಾಕ ಬಂದದ."

ಹೌದು, ಆ ಮಾತನ್ನು ಮೊದಲು ಆಡಿದವನು ಕೊಟ್ರೇಶನೇ. ಗ್ಯಾರೇಜಿನ ಟೈರಿನ ಮೇಲೆ ಕೂತಾಗ ಅವನಿಗೆ ಇದು ಕೊನೆಗೆ ನೆನಪಾಯಿತು, ಅಥವಾ ಇನ್ನು ಮರೆತಂತೆ ಇರಲಾಗಲಿಲ್ಲ.

"ಎಣ್ಣಿ ಬೇಕೇನ್ರಿ? ಕ್ಯಾನಿನ್ಯಾಗ ಅದ ನನ್ನ ಕಡೆ."

"ಹೂಂ, ಹಾಕ್ರಿ."

ಅರಕೇರಾದ ಟ್ರ್ಯಾಕ್ಟರಿನವನಿಗೆ ಎಣ್ಣಿ ಎಂದರೆ ಡೀಸೆಲ್. ಬೇರೆ ಏನೂ ಅಲ್ಲ. ಟಾಕಿಯ ಮುಚ್ಚಳ ತೆರೆದುಕೊಟ್ಟವನು ಕೊಟ್ರೇಶ. ಅದರ ಒಳಬದಿಯಲ್ಲಿ ಪೆಟ್ರೋಲ್ ಮಾತ್ರ ಎಂದು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ಲಾಳಿಕೆ ಹಿಡಿದುಕೊಂಡವನೂ ಅವನೇ. ಬೆರಳ ಮೇಲೆ ಚೆಲ್ಲಿದ ಎಣ್ಣೆಯ ವಾಸನೆ ಜನರೇಟರಿನ ಕೋಣೆಯದು, ಚಿಕ್ಕಂದಿನದು, ಮನೆಯದು. ಅದಕ್ಕೇ ಅನುಮಾನ ಬರಲಿಲ್ಲ.

"ಆನಿ ಬಾಯಾಗ ಚುರುಮುರಿ ಹಾಕಿದಂಗ ಆತು" ಎಂದು ನಕ್ಕು ಗಡಿಗೆಪ್ಪ ಹೊರಟುಹೋದ.

ಸಂಜೀವ ಬಟ್ಟೆಯಲ್ಲಿ ರೊಟ್ಟಿ, ಪುಂಡಿಪಲ್ಯ ಕಟ್ಟಿಸಿಕೊಂಡು ಬಂದ. "ಹಸಿವಾದಾಗ ತಿನ್ರಿ ಅಂತ ಅತ್ತಿ ಕೊಟ್ಟಾಳ."

"ಟ್ರ್ಯಾಕ್ಟರಿನವನ ಕಡಿಂದ ಎಣ್ಣಿ ಹಾಕ್ಸೀನಿ" ಎಂದ ಕೊಟ್ರೇಶ, ಸ್ವಲ್ಪ ಹೆಮ್ಮೆಯಿಂದಲೇ.

"ಚಲೋ ಆತು ಬಿಡ್ರಿ" ಎಂದ ಸಂಜೀವ. ಅವನ ಕಿವಿಗೂ ಅದು ಗಿರಣಿಯ ಎಣ್ಣಿಯಾಗಿಯೇ ಕೇಳಿಸಿತು.

ದೇವದುರ್ಗ ಕಾಣುವ ಮೊದಲೇ ಗಾಡಿ ಬಿಳಿ ಹೊಗೆ ಬಿಟ್ಟು, ಕೆಮ್ಮಿ, ನಿಂತಿತು. ಲಾರಿ ಬರುವವರೆಗೆ ಕೊಟ್ರೇಶ ಆ ರೊಟ್ಟಿ ತಿಂದ. ಪ್ರತಿ ತುತ್ತಿಗೂ ಬೆರಳಿನ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮರುದಿನ ಬೆಳಿಗ್ಗೆ ವಿರೂಪಣ್ಣ ಗಿರಣಿಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಭತ್ತ ತಂದ ಇಬ್ಬರು ವ್ಯಾಪಾರಸ್ಥರು ಪಕ್ಕದಲ್ಲಿದ್ದರು. ಹಮಾಲರು ಚೀಲ ಇಳಿಸಿ ನಿಂತಿದ್ದರು. ಅವರಲ್ಲಿ ಸೂಗಪ್ಪನ ಓರಗೆಯವರೂ ಇದ್ದರು.

"ನಿನ್ನಿ ಮುಂಜಾನಿ ಹೋಗಬೇಕಾದ್ರ ಅರ್ಧ ಟಾಕಿ ಪೆಟ್ರೋಲ್ ಇತ್ತು. ಎಲ್ಲಿ ಹೋತಲೇ?"

ಹಳ್ಳದ ಮಾತು ಆಡುವುದಿಲ್ಲ ಎಂದು ಸಂಜೀವ ನಗುತ್ತ ಮಾತು ಕೊಟ್ಟಿದ್ದ.

"ಪೆಟ್ರೋಲ್ ತಗದು ಮಾರ್ಕೊಂಡಿ. ತೂಕ ತುಂಬಾಕ ಡೀಸೆಲ್ ಸುರುವಿದಿ. ನನ್ನೇನು ಹುಚ್ಚ ಅಂತ ತಿಳದೀಯೇನು?"

"ನಮ್ಮಪ್ಪನಾಣಿ, ನಾ ಕದ್ದಿಲ್ರಿ ಸಾವ್ಕಾರ್ರ."

"ಮತ್ತ ಯಾರು ಹಾಕಿದ್ರು? ದೆವ್ವ ಬಂದು ಹಾಕ್ತೇನು?"

ಸಂಜೀವ ತಲೆ ಎತ್ತಿದ. "ಕೊಟ್ರೇಶಣ್ಣನ್ನ ಕೇಳ್ರಿ."

ಎಲ್ಲರೂ ಅವನ ಕಡೆ ತಿರುಗಿದರು. ಕೊಟ್ರೇಶ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಒಂದೇ ಮಾತು, ಬಾಯಿಗೆ ಬಂದಿತ್ತು. ಆದರೆ ಅದರ ಹಿಂದೆಯೇ ನಗು ಕೇಳಿಸಿತು, ಇನ್ನೂ ಯಾರೂ ನಗದ ನಗು. ಎಂ.ಎ. ಮಾಡ್ಯಾನಂತ, ಪೆಟ್ರೋಲಿಗೂ ಡೀಸೆಲಿಗೂ ಫರಕ್ ಗೊತ್ತಿಲ್ಲಂತ. ಅಪ್ಪ ಆ ವ್ಯಾಪಾರಸ್ಥರಿಗೆ ಮಗನ ಓದನ್ನು ಎಷ್ಟು ಸಲ ಹೇಳಿದ್ದರೋ. ಕಾರಣ ಇಷ್ಟೇ, ಇಷ್ಟು ಸಣ್ಣದು. ದೊಡ್ಡ ಕಾರಣವೊಂದನ್ನು ಆಮೇಲೆ ಅವನು ಎಷ್ಟು ಹುಡುಕಿದರೂ ಸಿಗಲಿಲ್ಲ.

ಅವನು ನೆಲ ನೋಡಿದ.

"ಅವನೇನು ಹೇಳ್ತಾನ?" ಎಂದರು ವಿರೂಪಣ್ಣ, ದನಿ ಮೆತ್ತಗೆ ಮಾಡಿ. "ನಿನ್ನ ಜೋಡಿ ಅಡ್ಡಾಡ್ಯಾನ, ಬಾಯಿ ಬರವಲ್ದು. ಅವಗ ಕನಿಕರ ಅದ. ನಿನಗ ಇಲ್ಲ."

ವ್ಯಾಪಾರಸ್ಥರಲ್ಲೊಬ್ಬ ಮೆಚ್ಚುಗೆಯಿಂದ ತಲೆದೂಗಿದ. ಸಂಜೀವ ಕಿಸೆಯಿಂದ ಗಾಡಿಯ ಚಾವಿ ತೆಗೆದು ಕುರ್ಚಿಯ ಕೈಮೇಲಿಟ್ಟ. ಹೋಗುವಾಗ ಕೊಟ್ರೇಶನ ಮುಂದೆಯೇ ಹಾದುಹೋದ.

ಇಂಜಿನ್ನನ್ನು ತೊಳೆದು, ಪೈಪುಗಳನ್ನು ಬದಲಿಸಿ, ಗಾಡಿ ಮೊದಲಿನಂತಾಯಿತು. ಹೊಸ ಡ್ರೈವರ್ ಸಿಗದೆ ಕೊಟ್ರೇಶನೇ ಅದನ್ನು ಅಂಜುತ್ತ ಓಡಿಸುತ್ತಿದ್ದ. ಮಾನ್ವಿಯ ಆಚೆ ಸಂಜೀವನ ಊರು ಹಿರೇಕೊಟ್ನೆಕಲ್ಲಿಗೆ ಹೋಗಿ ಬರಬೇಕು ಎಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದ. ಮಾನ್ವಿಯವರೆಗೆ ಹೋಗಿ ತಿರುಗಿ ಬರುತ್ತಿದ್ದ.

ಹಾಗೆ ಒಂದು ಮಧ್ಯಾಹ್ನ ಗಿರಣಿಯ ಕೆಲಸಕ್ಕೆಂದು ಮಾನ್ವಿಯ ಖಾಜಾಮಿಯಾ ಅವರ ಅಂಗಡಿಗೆ ಹೋದ. ಖಾಜಾಮಿಯಾ ಭತ್ತದ ದಲಾಲರು. ಜೊತೆಗೆ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಇಟ್ಟಿದ್ದರು. ಅಂಗಡಿಯ ಎದುರಿನ ಕಟ್ಟೆಯ ಮೇಲೆ ಸಂಜೀವ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೊಟ್ರೇಶನನ್ನು ಕಂಡು ಎದ್ದು ನಿಂತ.

"ಅರೇ, ಬರ್ರಿ ಬೇಟಾ, ಸರಿಯಾದ ಟೈಮಿಗೆ ಬಂದ್ರಿ ನೋಡ್ರಿ" ಎಂದರು ಖಾಜಾಮಿಯಾ ಒಳಗಿನಿಂದ. ಅವನು ಕೂತ ಮೇಲೆ ದನಿ ತಗ್ಗಿಸಿದರು. "ಹೊರಗ ಕುಂತಾನಲ್ಲ ಸಂಜೀವ, ವ್ಯಾನಿಗೆ ಇಟ್ಕೋಬೇಕು ಅಂತ ಅದ. ನಿಮ್ಮಲ್ಲಿ ಇದ್ದ ಅಂದ. ಹ್ಯಾಂಗ ಮನಷಾ?"

"ಗಾಡಿ ಚಲೋ ಹೊಡಿತಾನ."

"ಅದು ನೋಡಿದ್ರ ಗೊತ್ತಾಗ್ತದ. ಕೈ ಹ್ಯಾಂಗ? ಏನೋ ಪೆಟ್ರೋಲಿಂದು ಮಾತು ಕಿವಿಗೆ ಬಿತ್ತು. ನೀವು ಆವತ್ತು ಗಾಡ್ಯಾಗ ಇದ್ರಿ ಅಂತ. ಅಪ್ಪಾರು ಏನಾರ ಅನ್ಲಿ, ನೀವು ಓದಿದವರು, ನೀವು ಹೇಳ್ರಿ. ನೀವು ಹೂಂ ಅಂದ್ರ ನಾಳಿಂದ ಬರ್ಲಿ. ಮಕ್ಕಳನ್ನ ಅವನ ಕೈಯಾಗ ಕೊಡಬೇಕು ನೋಡ್ರಿ."

ಬಾಗಿಲಿನಿಂದ ಸಂಜೀವನ ಬೆನ್ನು ಕಾಣುತ್ತಿತ್ತು. ಅವನು ತಿರುಗಿರಲಿಲ್ಲ. ಆದರೆ ಕೇಳುತ್ತಿದ್ದ ಎಂಬುದು ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ಇಲ್ಲಿ ನಗುವವರು ಯಾರೂ ಇರಲಿಲ್ಲ. ಆದರೆ ಈಗ ನಿಜ ಹೇಳಿದರೆ, ಅಂಗಳದಲ್ಲಿ ಏಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕು. ಅದು ಮಾನ್ವಿಯಿಂದ ರಾಯಚೂರಿಗೆ ಸಂಜೆಯೊಳಗೆ ತಲುಪುತ್ತದೆ.

"ಅಪ್ಪನ್ನ ಕೇಳ್ರಿ" ಎಂದ ಕೊಟ್ರೇಶ.

ಖಾಜಾಮಿಯಾ ಗಡ್ಡ ಸವರಿಕೊಂಡರು. "ತಿಳೀತು ಬಿಡ್ರಿ" ಎಂದು ಬೇರೆ ಮಾತು ತೆಗೆದರು.

ಕೊಟ್ರೇಶ ಹೊರಬಂದಾಗ ಸಂಜೀವ ಹೊರಟು ನಿಂತಿದ್ದ. ಒಳಗಿನ ಮಾತಿಗೆ ಅವನು ಇನ್ನು ಕಾಯಬೇಕಾಗಿರಲಿಲ್ಲ. ರೂಢಿಯಂತೆ ಅವನ ಕೈ ಗಾಡಿಯ ಬಾಗಿಲಿಗೆ ಹೋಯಿತು, ತೆರೆಯದೆ ಹಿಂದಕ್ಕೆ ಬಂತು.

"ಪೆಟ್ರೋಲ್ ಅದ ಏನ್ರಿ, ಸಣ್ಣ ಸಾವ್ಕಾರ್ರ?" ಎಂದ.

ಅವನು ಎಣ್ಣಿ ಅನ್ನಲಿಲ್ಲ. ಅಣ್ಣ ಅನ್ನಲಿಲ್ಲ.

"ಅದ" ಎಂದ ಕೊಟ್ರೇಶ.

ಸಂಜೀವ ಬಸ್ ಸ್ಟ್ಯಾಂಡಿನ ಕಡೆ ನಡೆದ. ಕೊಟ್ರೇಶ ಒಳಗೆ ಕೂತು ಗುಂಡಿ ಒತ್ತಿದ. ಏನೂ ಕೇಳಿಸಲಿಲ್ಲ. ಶುರುವಾಗಿಲ್ಲವೆಂದು ಅಪ್ಪನ ಹಾಗೆ ಇನ್ನೊಮ್ಮೆ ಒತ್ತಿದ. ಬಂದ್ ಆಯಿತು.

ಡೀಸೆಲ್ ಹಾಕಿಸಿದವನು ನಾನು ಎಂದು ಅವನು ಯಾರಿಗೂ ಹೇಳಲಿಲ್ಲ.