ಭಾವನ ಕಾರು ಹತ್ತಿದ ಚೀಲ

ಕಾರವಾರದಲ್ಲಿ ನಲವತ್ತು ದಾಟಿದ ಹೆಂಗಸು ರಸ್ತೆಯಲ್ಲಿ ಓಡುತ್ತಿದ್ದರೆ ಒಂದೋ ಬಸ್ಸು ತಪ್ಪಿರಬೇಕು, ಇಲ್ಲ ಯಾರೋ ತೀರಿಕೊಂಡಿರಬೇಕು. ಜಯಂತಿಯ ಗಂಡ ಶಿವಾನಂದ ಇದಕ್ಕೆ ಮೂರನೆಯದೊಂದನ್ನು ಸೇರಿಸಿದ್ದ: ತಲೆ ಕೆಟ್ಟಿರಬೇಕು.

ಮೂವತ್ತು ಕಿಲೋಮೀಟರಿಗೂ ಆಚೆ, ಅಂಕೋಲೆಯ ತಂಗಿ ರಂಜನಾಳ ಮನೆಯವರೆಗೆ ಓಡಿಯೇ ಹೋಗುತ್ತೇನೆ ಎಂದು ಚೌತಿಯ ಊಟದಲ್ಲಿ ಅವಳು ಹೇಳಿದ್ದೇ ತಡ, ಮನೆ ತುಂಬ ನೆಂಟರ ಎದುರಿಗೆ ಆ ಮಹಾನುಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬಿಣಗಾ ಘಟ್ಟ ಹತ್ತುವುದರೊಳಗೆ ರಿಕ್ಷಾ ಕರೆಯುತ್ತಾಳೆ ಎಂದ. ನಗಲಿಕ್ಕೆ ಅವನಿಗೆಂಥ ಯೋಗ್ಯತೆಯೋ! ಮೀನು ಪೇಟೆಗೆ ಹೋಗಲಿಕ್ಕೂ ಬೈಕ್ ಬೇಕು, ನಾಲ್ಕು ಮೆಟ್ಟಿಲಿಗೆ ಏದುಸಿರು. ಆದರೆ ಜಯಂತಿಗೆ ಮೈ ಉರಿದದ್ದು ನಗುವಿಗಲ್ಲ. ಮದುವೆಯಾದಾಗಿನಿಂದ ಅವಳು ಹಿಡಿದ ಯಾವುದನ್ನೂ ಅವನು ಮುಗಿಸಲು ಬಿಟ್ಟಿರಲಿಲ್ಲ. ಸ್ಕೂಟರ್ ಕಲಿಯಲು ಹೊರಟರೆ ನಾನೇ ಬಿಡುತ್ತೇನಲ್ಲ ಎಂದ. ಆಫೀಸಿನ ಬಡ್ತಿ ಪರೀಕ್ಷೆಗೆ ಕೂತರೆ ನಿನಗ್ಯಾಕೆ ಆ ತಲೆನೋವು ಎಂದ. ಒಂದು ಸಲವಾದರೂ, ಒಂದು ಕಡೆಗಾದರೂ, ತನ್ನ ಕಾಲಲ್ಲೇ ಹೋಗಿ ಮುಟ್ಟಬೇಕು. ಅಷ್ಟೇ ಅವಳ ಹಟ.

ಬೆಳಗಾಗುವ ಮುಂಚೆ ಬೀಚಿನಲ್ಲಿ ಓಡಿದಳು. ಪಾದದಲ್ಲಿ ಗುಳ್ಳೆ ಎದ್ದವು, ಒಡೆದವು, ಗಟ್ಟಿಯಾದವು. ಶಿವಾನಂದ ವಾಕಿಂಗಿನ ನೆಪದಲ್ಲಿ ಬಂದು, ಬೆಂಚಿನ ಮೇಲೆ ಕೂತು ಬಜ್ಜಿ ತಿನ್ನುತ್ತ, ಕೈ ಹೇಗೆ ಬೀಸಬೇಕೆಂದು ಉಪದೇಶ ಮಾಡುತ್ತಿದ್ದ. ಜನವರಿಯ ಹೊತ್ತಿಗೆ ಅವಳು ಘಟ್ಟ ಹತ್ತಿಳಿದು ಬಂದು ಅಡಿಗೆಗೆ ತೆಂಗಿನಕಾಯಿ ಕಡೆಯುವಷ್ಟು ಗಟ್ಟಿಯಾಗಿದ್ದಳು.

ಒಂದು ಭಾನುವಾರ, ಬದಲಾಯಿಸುವ ಬಟ್ಟೆ ತುಂಬಿದ ಚೀಲ ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಬಿಣಗಾ ಇಳಿದದ್ದೇ ಮೈದುನ ಸುನಿಲ ಬೈಕ್ ನಿಲ್ಲಿಸಿ, ಹತ್ತಿ ಅತ್ತಿಗೆ ಎಂದ. ಚೆಂಡಿಯಾದಲ್ಲಿ ಗೋದಾವರಿ ಅತ್ತೆಯ ಅಳಿಯ ಕಾರು ನಿಲ್ಲಿಸಿದ. ಈ ಕಡೆ ನೆಂಟರ ಗಾಡಿ ಬೇಡವೆಂದರೆ ಎರಡು ಮನೆಗಳ ನಡುವೆ ಮಾತು ಬಿಟ್ಟಿದೆ ಎಂದೇ ಅರ್ಥ. ಸಂಜೆಯೊಳಗೆ ಏನು ಜಗಳ ಎಂದು ಫೋನು ಬರುತ್ತದೆ. ಹಲ್ಲು ಕಿರಿದು ಹೇಗೋ ತಪ್ಪಿಸಿಕೊಂಡಳು. ಅಮದಳ್ಳಿಯಲ್ಲಿ ಇನ್ನೊಬ್ಬ ನೆಂಟ ರೂಪೇಶ ಸ್ಕೂಟರ್ ಅಡ್ಡ ತಂದಾಗ ಅನುಮಾನ ಬಂದು, ಯಾರು ಕಳಿಸಿದ್ದು ಎಂದು ಕೇಳಿಯೇಬಿಟ್ಟಳು.

“ಶಿವಣ್ಣ ಫೋನ್ ಮಾಡಿದ್ದ. ನಿಮ್ಗೆ ಹೇಳೂದು ಬೇಡ ಅಂದಿದ್ದ,” ಎಂದ ಆ ಪಾಪದವನು.

ಥೂ, ಇಷ್ಟು ಸಣ್ಣ ಮನುಷ್ಯನೇ ಇವನು! ಅವಳ ಕಾಲು ಸೋಲದಿದ್ದರೆ ದಾಕ್ಷಿಣ್ಯವಾದರೂ ಸೋಲಿಸಲಿ ಎಂದು ದಾರಿಯುದ್ದಕ್ಕೂ ನೆಂಟರನ್ನು ನಿಲ್ಲಿಸಿದ್ದಾನೆ. ಸಿಟ್ಟಿನಲ್ಲಿ ಹಾರವಾಡ ದಾಟಿದ್ದೇ ಗೊತ್ತಾಗಲಿಲ್ಲ.

ಅವರ್ಸೆಯಲ್ಲಿ ದೊಡ್ಡ ಭಾವ ಗುರುಪ್ರಸಾದ ಕಾರಿನ ಬಾಗಿಲು ತೆರೆದು ನಿಂತಿದ್ದರು. ಗಂಡನ ಅಣ್ಣ, ಅವರೆದುರು ಅವಳು ಕುರ್ಚಿಯಲ್ಲಿ ಕೂತವಳಲ್ಲ, ಎದುರು ಮಾತಾಡಿದವಳಲ್ಲ. ಹತ್ತು ಎಂದರು. ಜಯಂತಿ ನಿಂತಳು. ಸೀಟು ಮೆತ್ತಗೆ ಕಾಣುತ್ತಿತ್ತು. ಒಳಗೆ ಕೂತರೆ ಮುಗಿಯಿತು, ಇನ್ನು ಸಾಯುವತನಕ ಹಿಂದಿನ ಸೀಟೇ. ಬೆನ್ನಿನ ಚೀಲ ಬಿಚ್ಚಿ ಸೀಟಿನ ಮೇಲಿಟ್ಟು, ತಾನೇ ಬಾಗಿಲು ಹಾಕಿದಳು.

“ಭಾವ, ಇದನ್ನ ರಂಜನಾ ಮನೆಗೆ ಮುಟ್ಟಿಸಿ. ನಾನು ಹಿಂದಿಂದ ಬರ್ತೆ.”

ಗಾಡಿ ಬೇಡವೆಂದ ಹಾಗೂ ಆಗಲಿಲ್ಲ, ಹತ್ತಿದ ಹಾಗೂ ಆಗಲಿಲ್ಲ. ಹಿರಿಯರು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದೆ ಓಡಿದ್ದಳು.

ಆಮೇಲಿನದನ್ನು ರಂಜನಾ ಹೇಳಿದಳು. ಬೆಳಿಗ್ಗೆಯೇ ಬೈಕಿನಲ್ಲಿ ಬಂದು ಠಿಕಾಣಿ ಹೂಡಿದ್ದ ಶಿವಾನಂದ, ಅಣ್ಣನ ಕೈಯಲ್ಲಿ ಚೀಲ ಕಂಡದ್ದೇ, ನಾ ಹೇಳಿದ್ದೆನಲ್ಲ ಎಂದು ಕೇರಿಗೆಲ್ಲ ಕೇಳುವಂತೆ ಕೂಗುತ್ತ ಹೋಗಿ ಕಾರಿನ ಹಿಂಬಾಗಿಲು ತೆರೆದನಂತೆ. ಸೀಟು ಖಾಲಿ. ತಮ್ಮನ ಹೆಂಡತಿಯ ಚೀಲ ಹೊತ್ತು ಬಂದ ಗುರುಪ್ರಸಾದರು ಅವನ ಮುಖ ನೋಡದೆ ನೀರು ಕೇಳಿದರಂತೆ.

ಜಯಂತಿ ಬಂದು ಮುಟ್ಟಿದಾಗ ಅವನು ಬಾಗಿಲ ಮೆಟ್ಟಿಲ ಮೇಲೆ ಕೂತು ಕೋಳಿಸಾರು-ವಡೆ ತಿನ್ನುತ್ತಿದ್ದ. ಹಟ ತೀರಿತಲ್ಲ, ಸಂಜೆ ನನ್ನ ಬೈಕಿನಲ್ಲೇ ಹೋಗೋಣ ಎಂದ, ಏನೂ ಆಗದವನಂತೆ.

ಅವಳು ಗೋಡೆ ಹಿಡಿದು, ಅಲ್ಲೇ ಬೂಟು ಬಿಚ್ಚಿದಳು.

“ಸರೀರಿ ಸ್ವಲ್ಪ,” ಎಂದಳು. “ದಾರಿಗೆ ಅಡ್ಡ ಕೂತಿದ್ರಿ.”

ಅವನು ತಟ್ಟೆ ಎತ್ತಿಕೊಂಡು ಸರಿದ.