ಹುಲಿಯಾನ ಕಣ್ಣಿಗೆ ಭಂಡಾರ

ನಮ್ಮತ್ತೆ ಬಸವಣ್ಣೆವ್ವನವರಿಗೆ ಜಗತ್ತಿನ ಎಲ್ಲ ರೋಗಕ್ಕೂ ಮದ್ದು ಒಂದೇ: ಜೇಜುರಿ ಗುಡ್ಡದ ಖಂಡೋಬ ದೇವರ ಗುಡಿಯಿಂದ ತಂದ ಭಂಡಾರ. ನೆಗಡಿಯಾದರೆ ಆ ಅರಿಶಿನಪುಡಿ ಹಣೆಗೆ, ಹೊಟ್ಟೆ ನೊಂದರೆ ಬಾಯಿಗೆ. ನಮ್ಮ ನಾಯಿ ಹುಲಿಯಾನ ಕಣ್ಣಲ್ಲಿ ಅಂಟಂಟು ಗೀಜು ಕಟ್ಟತೊಡಗಿದಾಗ ಅದೇ ಪುಡಿ ಅದರ ಕಣ್ಣಿಗೂ ಬಿತ್ತು. ನಾಯಿಯೆಂದರೆ ಖಂಡೋಬನ ಜೊತೆಗಾರ, ಪುಡಿಯೂ ಖಂಡೋಬನದು. ನಡುವೆ ಸೊಸೆಯಾದ ನಾನ್ಯಾರು ಬಾಯಿ ಹಾಕಲಿಕ್ಕೆ?

ಆದರೆ ಹುಲಿಯಾ ನಾನು ಸಾಕಿದ ನಾಯಿ. ಪುಣೆಯ ರವಿವಾರ ಪೇಟೆಯ ಆ ಮನೆಯಲ್ಲಿ, ಯಜಮಾನರು ಅಂಗಡಿಗೆ ಹೋದ ಮೇಲೆ ನನ್ನ ಮಾತು ಕೇಳುವ ಜೀವ ಅದೊಂದೇ. ತಿಂಗಳೊಪ್ಪತ್ತಿನಲ್ಲಿ ಅದರ ಕಣ್ಣು ಕೆಂಪಾಗಿ, ಹೊಳಪು ಹೋಗಿ, ಮಂಜಾಯಿತು.

"ನಾಯಿ ಅಳಾಕತ್ತೇದ," ಎಂದರು ಅತ್ತೆ. "ಮನ್ಯಾಗ ನಾಯಿ ಅತ್ರ ಛಲೋ ಅಲ್ಲ. ಬರೂ ಅಮಾಸಿಗೆ ಜೇಜುರಿಗೆ ಒಯ್ದು ದೇವರ ಹತ್ರ ಬಿಟ್ಟು ಬರೂಣು."

"ಕಣ್ಣು ಕಾಣದ್ದನ್ನ ಅಷ್ಟು ಮೆಟ್ಟಲಿನ ಗುಡ್ಡದ ಮ್ಯಾಲೆ ಬಿಟ್ರ ಬಿದ್ದು ಸಾಯ್ತದ್ರಿ ಅತ್ತಿ!"

"ಖಂಡೋಬಾ ಹಿಡೀತಾನ."

ಯಜಮಾನರು ರೊಟ್ಟಿಯ ತಾಟಿನಲ್ಲಿ ಮುಖ ಹುದುಗಿಸಿದರು. ತಾಯಿ ಹೆಂಡತಿಯರ ನಡುವೆ ಅವರದು ಯಾವಾಗಲೂ ಇದೇ ಶೌರ್ಯ.

ಅಮಾವಾಸ್ಯೆಗೆ ಮೂರು ದಿನ ಉಳಿದಿತ್ತು. ಹುಲಿಯಾನನ್ನು ಟಾಂಗಾ ಹತ್ತಿಸಿಕೊಂಡು ಖಡಕಿಯ ದಂಡಿನ ಠಾಣ್ಯಕ್ಕೆ ಹೊರಟೆ. ಫೌಜಿನ ಕುದುರೆಗಳಿಗೆ ಮದ್ದು ಕೊಡುವ ಮಲಕಪ್ಪ ಡಾಕ್ಟರು ಅಲ್ಲಿದ್ದರು, ಬೆಳಗಾವಿಯ ಕಡೆಯವರು. ನಾನೆಲ್ಲಿ ನಾಯಿಯನ್ನು ಬಚ್ಚಿಡುತ್ತೇನೋ ಎಂದು ಅತ್ತೆಯೂ ಹತ್ತಿ ಕುಳಿತರು.

ಡಾಕ್ಟರು ಮಸಿ ಹೀರುವ ಕಾಗದದ ಸಣ್ಣ ಪಟ್ಟಿಯೊಂದನ್ನು ಹುಲಿಯಾನ ಕೆಳರೆಪ್ಪೆಗೆ ಸಿಕ್ಕಿಸಿ ಗಡಿಯಾರ ನೋಡಿದರು. ನಿಮಿಷ ಕಳೆದರೂ ಕಾಗದ ನೆನೆಯಲಿಲ್ಲ.

"ಅಳೂ ನಾಯಿ ಅಂದ್ರಿ? ಅಳಾಕ ಇದರ ಕಣ್ಣಾಗ ನೀರ ಇಲ್ಲರಿ ಅವ್ವಾರ! ನೀರು ಒಣಗಿದ್ದಕ್ಕ ಗೀಜು ಕಟ್ಟೇದ. ಮ್ಯಾಲೆ ಏನ್ ಹಾಕೀರಿ?"

"ಭಂಡಾರ," ಎಂದರು ಅತ್ತೆ, ಗತ್ತಿನಿಂದಲೇ.

"ಅಯ್ಯ ದೇವರ! ಉರಿಯೂ ಕಣ್ಣಿಗೆ ಪುಡಿ ಹಾಕ್ತಾರೇನ್ರಿ?" ಡಾಕ್ಟರು ನನ್ನ ಕಡೆ ತಿರುಗಿದರು. "ಕಾಸಿ ಆರಿಸಿದ ನೀರಾಗ ಅರಿವಿ ಅದ್ದಿ ಗೀಜು ಒರಸು, ತಂಗಿ. ಆಮ್ಯಾಲೆ ನಾ ಕೊಡೂ ಔಡಲೆಣ್ಣಿ ಒಂದೊಂದ ಹನಿ, ದಿನಾ ನಾಕು ಸಲ. ಒಲಿ ಹೊಗಿ ತಾಗಬಾರದು. ನಾಯಿ ಬದುಕಿರೂತನಾ ಹಾಕಬೇಕು, ಬಿಟ್ಟಿ ಅಂದ್ರ ಕಣ್ಣು ಹೋಗ್ತಾವ."

ಅತ್ತೆ ಬಗ್ಗಿ ಹುಲಿಯಾನನ್ನು ನೋಡಿದರು. "ಕಣ್ಣಾಗ ಉಸುಕು ಬಿದ್ದಂಗ ಆಗ್ತದೇನ್ರಿ ಅದಕ್ಕ?"

"ಹೌದ್ರಿ."

"ಮುಂಜಾನೆ ರೆಪ್ಪಿ ಅಂಟ್ತಾವೇನು?"

"ಹೌದ್ರಿ."

ಅತ್ತೆ ಸೆರಗು ಸರಿಸಿ ಮುಖ ಮುಂದೆ ಚಾಚಿದರು. "ನನಗೂ ಒಂದು ಕಾಗದ ಹಚ್ರಿ."

"ನಾ ಕುದುರಿ ಡಾಕ್ಟರ್‌ರೀ!"

"ಹಚ್ರಿ ಅಂದ್ರ ಹಚ್ರಿ."

ಆ ಕಾಗದವೂ ನೆನೆಯದೆ ಹೊರಬಂತು. ಡಾಕ್ಟರು ತಲೆ ಕೆರೆದುಕೊಂಡು ಮನುಷ್ಯರ ಕಣ್ಣಿನ ವೈದ್ಯರೊಬ್ಬರ ವಿಳಾಸ ಬರೆದುಕೊಟ್ಟರು.

ಟಾಂಗಾ ಹತ್ತುತ್ತ ಹೆದರುತ್ತಲೇ ಕೇಳಿದೆ, "ಜೇಜುರಿಗೆ ಹೋಗೂದ್ರಿ?"

"ಇದನ್ನ ಅಲ್ಲಿ ಬಿಟ್ರ ಮಗ್ಗಲಕ ನನ್ನೂ ಬಿಟ್ಟು ಬರಬೇಕಾಗ್ತದ. ಇರ್ಲಿ ಮನ್ಯಾಗ."

ನಾನು ಹುಲಿಯಾನನ್ನು ತಬ್ಬಿಕೊಂಡು ನಕ್ಕೆ. ಸ್ವಲ್ಪ ದೂರ ಹೋದ ಮೇಲೆ ಅತ್ತೆ ಮೆಲ್ಲಗೆ ಅಂದರು, "ನಿಮ್ಮ ಮಾವ ಹೋದಾಗ ನನಗ ಭಾಳ ಅಳು ಬಂದಿತ್ತವಾ. ಕಣ್ಣಾಗ ಏನೂ ಬರಲಿಲ್ಲ."

ಅಂದು ಹೆಣದ ಮುಂದೆ ಒಣಕಣ್ಣಿನಲ್ಲಿ ಕೂತಿದ್ದ ಈಕೆಗೆ ಎದೆಯಲ್ಲಿ ಕಲ್ಲಿದೆ ಎಂದು ಪೇಟೆಯ ತುಂಬ ಹೇಳಿಕೊಂಡು ಬಂದವಳು ನಾನೇ. ನಾಚಿಕೆಯಾಯಿತು. ತಡೆಯಲಾಗದೆ ಬಿಕ್ಕಿ ಬಿಕ್ಕಿ ಅಳತೊಡಗಿದೆ.

"ನೀ ಯಾಕ ಅಳ್ತೀಯ, ಹುಚ್ಚಿ?"

"ನಿಮ್ಮ ಪಾಲಿಂದು ಅಳಾಕತ್ತೇನ್ರಿ, ಅತ್ತಿ," ಎಂದೆ.