ಹದಿನೈದನೆಯ ಕೋಲು

ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಪೂವಪ್ಪ ಶೆಟ್ಟರ ಹೋಟೆಲಿನಲ್ಲಿ ಆ ಮಧ್ಯಾಹ್ನ ಟೀವಿಯ ತುಂಬ ಬರೀ ಹೆಸರು, ಅಂಕಿ. ಪರದೇಶದಲ್ಲಿ ನಡೆಯುತ್ತಿದ್ದ ಮಹಿಳೆಯರ ಗಾಲ್ಫ್ ತಂಡಗಳ ಪಂದ್ಯದ ಕೊನೆಯ ದಿನ ಅದು. ಶೆಟ್ಟರ ಮಗ ಯತಿನ್ ತನ್ನ ಮೊಬೈಲನ್ನು ಟೀವಿಗೆ ಜೋಡಿಸಿ ಅಂಕಪಟ್ಟಿ ತೆರೆದಿಟ್ಟಿದ್ದ. ದೇಶಕ್ಕೆ ಮೂವರು ಹುಡುಗಿಯರು. ದಿನಕ್ಕೆ ಇಬ್ಬರ ಒಳ್ಳೆಯ ಅಂಕ ಮಾತ್ರ ಲೆಕ್ಕಕ್ಕೆ. ಭಾರತದ ಮೂವರಲ್ಲಿ ಒಬ್ಬಳು ಯತಿನನ ಮಗಳು ರಮಿತಾ. ಭಾರತ ಎರಡನೆಯ ಸ್ಥಾನದಲ್ಲಿತ್ತು. ಹೀಗೇ ಮುಗಿದರೆ ಬೆಳ್ಳಿಯ ಪದಕ.

ಪೂವಪ್ಪರ ಹೆಂಡತಿ ಬಾಗಿ, ರಮಿತಾಳ ಅಜ್ಜಿ, ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕುಳಿತು ತುಟಿಯಲ್ಲೇ ದೇವರ ನಾಮ ಹೇಳುತ್ತಿದ್ದಳು.

"ಕಡಿಮೆ ಹೊಡೆದವ ಗೆಲ್ಲುವ ಆಟ ಅಲ್ವಾ ಗುಂಡಣ್ಣ?" ಗಲ್ಲೆಯಲ್ಲಿ ಚಿಲ್ಲರೆ ಎಣಿಸುತ್ತ ಪೂವಪ್ಪ ಕೇಳಿದರು. "ಹಾಗಾದ್ರೆ ನನ್ನ ಈ ತಿಂಗಳ ವ್ಯಾಪಾರಕ್ಕೂ ಒಂದು ಕಪ್ ಕೊಡ್ಲಿಕ್ಕೆ ಹೇಳಿ ಮಾರಾಯ್ರೆ."

ಠಾಣೆಯ ಬ್ಯಾಂಕಿನಲ್ಲಿರುವ ಮೈಸೂರಿನ ಗುಂಡಣ್ಣ ಭಾನುವಾರಕ್ಕೊಮ್ಮೆ ಗಾಲ್ಫ್ ಆಡುವವರು. "ತಮಾಷೆ ಸಾಕು ಶೆಟ್ರೇ. ಇನ್ನು ಆರೇ ಗುಂಡಿ ಬಾಕಿ. ನಿಮ್ಮ ಮೊಮ್ಮಗಳು ಬಿಡೋ ಹಾಗೆ ಕಾಣ್ತಿಲ್ಲ."

ಆಗ ಅಂಕಿ ಬದಲಾಯಿತು.

ಬಾಗಿಗೆ ಇಂಗ್ಲಿಷ್ ಬಾರದು. ಆದರೆ ಚಿಕ್ಕಂದಿನಿಂದ ಪದ್ಯ ಓದುವುದನ್ನು ಕೇಳಿ ಕೇಳಿಯೇ ಕಂಠಪಾಠ ಮಾಡಿದವಳು. ರಮಿತಾಳ ಸಾಲಿನ ಅಂಕಿಗಳೂ ಹಾಗೇ ಅವಳ ಬಾಯಲ್ಲಿದ್ದವು. ಓದುವವರು ಒಂದು ಸಾಲು ತಪ್ಪಿದರೆ ಕಿವಿಗೆ ಚುಚ್ಚುವಂತೆ ಈಗ ಕಣ್ಣಿಗೆ ಚುಚ್ಚಿತು. ಇಂದಿನದಷ್ಟೇ ಅಲ್ಲ, ನಿನ್ನೆಯದೂ ಮೊನ್ನೆಯದೂ ಏರಿತ್ತು. ಮುಗಿದುಹೋದ ದಿನದ ಅಂಕ ಬದಲಾಗುವುದು ಹೇಗೆ? ಭಾರತದ ಹೆಸರು ಜಾರುತ್ತ ಜಾರುತ್ತ ಆರನೆಯ ಸಾಲಿಗೆ ಹೋಗಿ ನಿಂತಿತು.

"ದಾನೆ ಆಂಡ್?" ಏನಾಯಿತೆಂದು ಪೂವಪ್ಪ ತುಳುವಿನಲ್ಲಿ ಕೇಳಿದರು.

ಗುಂಡಣ್ಣ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದರು. "ಬ್ಯಾಗಲ್ಲಿ ಹದಿನೈದು ಸ್ಟಿಕ್ ಇತ್ತಂತೆ. ಹದಿನಾಲ್ಕಕ್ಕಿಂತ ಹೆಚ್ಚು ಇಟ್ಕೊಳ್ಳೋ ಹಾಗಿಲ್ಲ. ಅದ್ರಲ್ಲಿ ಆಡದೇ ಇದ್ರೂ ದಂಡ. ದಿನಾ ಬ್ಯಾಗಲ್ಲೇ ಇತ್ತು ಅಂತ ಹಿಂದಿನ ದಿನಗಳಿಗೂ ಹಾಕಿದಾರೆ."

ಬಾಗಿಯ ನಾಮ ಅರ್ಧಕ್ಕೇ ನಿಂತಿತು.

ಪಂದ್ಯಕ್ಕೆ ಹೊರಡುವ ಮೊದಲಿನ ಆಯುಧಪೂಜೆಯ ದಿನ ರಮಿತಾ ದೇವರ ಮುಂದೆ ಸಾಲಾಗಿ ಕೋಲುಗಳನ್ನಿಟ್ಟಿದ್ದಳು. ಅವಳು ಆಟ ಕಲಿತ ಮೊದಲ ಕೋಲು, ಯಾರದೋ ಹಳೆಯದನ್ನು ಕತ್ತರಿಸಿ ಮಗುವಿನ ಕೈಗೆ ಕೊಟ್ಟಿದ್ದ ಮೊಂಡು ಕೋಲು, ಕಪಾಟಿನ ಹಿಂದೆಯೇ ಉಳಿದಿತ್ತು. ಊರಿಗೆಲ್ಲ ಎಲೆ ಹಾಕಿ ಮನೆಯ ಹಿರಿಯನನ್ನು ಜಗಲಿಯಲ್ಲಿ ಕೂರಿಸಿದ ಹಾಗಾಯಿತಲ್ಲ ಎಂದು ಬಾಗಿಗೆ ಸಂಕಟ. ಈ ಮನೆಯ ಪದ್ಧತಿಯೇ ಬೇರೆ. ನೆರೂಳದಲ್ಲಿ ಎರಡನೆಯ ಹೋಟೆಲು ತೆರೆದಾಗಲೂ ಮೊದಲ ಒಲೆಯ ಮೊದಲ ಸೌಟನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಯಾರಿಗೂ ಹೇಳದೆ, ಸಾಮಾನಿನ ತಳದಲ್ಲಿಟ್ಟು ಕಳಿಸಿದ್ದವಳು ಅವಳೇ. ಹೇಳಿ ಇಟ್ಟರೆ ಫಲವಿಲ್ಲ. ಆ ಕೋಲಿಗೂ ಕುಂಕುಮ ಹಚ್ಚಿ, ಸೇವಂತಿಗೆಯ ಎಸಳು ಸೇರಿಸಿ, ಕೆಂಪು ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನ ಪಕ್ಕದ ಉದ್ದ ಜೇಬಿನಲ್ಲಿ ಮಳೆಯಂಗಿಯ ಕೆಳಗೆ ತುರುಕಿದ್ದಳು.

ಹೇಳಬೇಕೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಯತಿನ್ ಫೋನಿನಲ್ಲಿದ್ದ. ನವಿ ಮುಂಬಯಿಯ ಮೈದಾನದಲ್ಲಿ ರಮಿತಾಳ ಕೋಲು ಒರೆಸಿ ಬ್ಯಾಗು ಕಟ್ಟುವವನು ಗುಣಪಾಲ. "ನಿನಗೆ ಎಣಿಸ್ಲಿಕ್ಕೆ ಬರೂದಿಲ್ವಾ ಗುಣಪಾಲ? ಯಾರ ಸ್ಟಿಕ್ ತುರುಕಿದ್ದು ನೀನು? ಮಾತಾಡ್ಬೇಡ. ನಾಳೆಯಿಂದ ನನ್ನ ಮಗಳ ಬ್ಯಾಗ್ ಮುಟ್ಬೇಡ." ಆ ಕಡೆಯಿಂದ ಏನೋ ಹೇಳಲು ಹೊರಟ ದನಿ ಕೇಳಿತು. ಯತಿನ್ ಕಟ್ ಮಾಡಿದ.

ಬಾಗಿ ಗೋಡೆ ಹಿಡಿದು ಎದ್ದಳು. "ಅವನಲ್ಲ."

"ನಿನಗೆ ಗೊತ್ತಾಗೂದಿಲ್ಲ ಅಮ್ಮ, ಸುಮ್ಮನಿರು."

"ಇಟ್ಟದ್ದು ನಾನು. ಮೊಂಡು ಕೋಲು."

ಪೂವಪ್ಪರ ಕೈಯಲ್ಲಿದ್ದ ಚಿಲ್ಲರೆ ಕೈಯಲ್ಲೇ ಉಳಿಯಿತು. ಗುಂಡಣ್ಣ ಚಹಾದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಯತಿನ್ ತಾಯಿಯನ್ನು ನೋಡಿದ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಅಪರಿಚಿತರನ್ನು ನೋಡುವ ಹಾಗಿತ್ತು.

ಪಂದ್ಯ ಮುಗಿದಾಗ ಭಾರತ ಐದನೆಯದು. ಸ್ವಲ್ಪ ಹೊತ್ತಿಗೆ ರಮಿತಾಳ ವಿಡಿಯೋ ಕಾಲ್ ಬಂತು. ತಲೆಗೂದಲು ಒದ್ದೆ, ಕಣ್ಣು ಕೆಂಪು. ಪಕ್ಕದಲ್ಲಿ ಕೆಂಪು ಬಟ್ಟೆ.

"ಬಾರಿಶ್ ಶುರುವಾಯ್ತು. ರೇನ್‌ಕೋಟ್ ತೆಗಿಲಿಕ್ಕೆ ಜೇಬು ತೆರೆದೆ. ಕಿಸೀನೇ ನಹೀ ದೇಖಾ, ಪಪ್ಪಾ. ಯಾರೂ ನೋಡಿಲ್ಲ. ಝಿಪ್ ಹಾಕಿದ್ರೆ ಮುಗೀತಿತ್ತು."

"ಮತ್ತೆ?"

"ಹಾಕಿದೆ. ಮತ್ತೆ ತೆರೆದೆ. ರೆಫರೀನ ಕರೆದೆ. ಯಾರದ್ದಿದು ಅಂತ ಕೇಳಿದ್ರು. ನನ್ನದೇ ಅಂದೆ."

ಯತಿನ್ ಫೋನನ್ನು ತಾಯಿಯ ಕಡೆ ತಿರುಗಿಸಿದ.

"ಅಜ್ಜಿ, ಒಂದು ಮಾತು ಕೇಳ್ಬೇಕಿತ್ತು ನೀವು. ನನ್ನ ಟೀಮಿನ ಆ ಇಬ್ಬರು ಇನ್ನೂ ಅಳ್ತಾ ಇದ್ದಾರೆ. ಅವರಿಗೆ ಏನಂತ ಹೇಳ್ಲಿ?"

ಒಳ್ಳೆಯದಕ್ಕೆ ಯಾರನ್ನಾದರೂ ಕೇಳಬೇಕೆಂದು ಬಾಗಿಗೆ ಈ ತನಕ ಹೊಳೆದೇ ಇರಲಿಲ್ಲ.

"ತಪ್ಪಾಯ್ತು ಮಗಾ."

"ಈಗ ಮಾತಾಡೂದಿಲ್ಲ. ನಾಳೆ ಮಾಡ್ತೇನೆ," ಎಂದು ರಮಿತಾ ಫೋನಿಟ್ಟಳು. ಇಡುವ ಮೊದಲು ಆ ಕೆಂಪು ಬಟ್ಟೆಯನ್ನು ಮೆಲ್ಲಗೆ ಮಡಚುತ್ತಿದ್ದದ್ದು ಕಂಡಿತು.

ಹೋಟೆಲಿನಲ್ಲಿ ಸಂಜೆಯ ಗಿರಾಕಿಗಳು ಸೇರತೊಡಗಿದ್ದರು. ಬಾಗಿ ಸೆರಗಿನಿಂದ ಮುಖ ಒರೆಸಿಕೊಂಡು ಮಗನ ಮುಂದೆ ಬಂದು ನಿಂತಳು.

"ಗುಣಪಾಲನಿಗೆ ಫೋನ್ ಹಚ್ಚು."

"ನಾನೇ ಹೇಳ್ತೇನೆ ಅಮ್ಮ."

"ನೀನು ಆಮೇಲೆ ಹೇಳು. ಇಟ್ಟದ್ದು ನನ್ನ ಕೈ."

ರಿಂಗಾಗುತ್ತ ಹೋಯಿತು. ಎತ್ತುವುದಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ, "ಹೇಳಿ ಸೇಟ್," ಎಂಬ ಬತ್ತಿದ ದನಿ.

"ಸೇಟ್ ಅಲ್ಲ ಗುಣಪಾಲ," ಬಾಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. "ನಾನು, ರಮಿತಾಳ ಅಜ್ಜಿ."